ದೊಡ್ಡಮ್ಮನನ್ನು ಕಂಡವರು ಯಾರು?

ಸತ್ತ ಎಮ್ಮೆ ಬಿಂದಿಗೆ ತುಂಬ ಹಾಲು ಕೊಡುತ್ತಿತ್ತು ಎಂದು ಹೊಗಳುವುದು ನಮ್ಮ ಜನರ ಹಳೆಯ ರೂಢಿ. ಅದನ್ನು ಬೇಕಾದರೆ ಸಹಿಸಿಕೊಂಡೇನು. ಸತ್ತವರಿಗೆ ಇಲ್ಲದ ಗುಣ ಹಚ್ಚಿದರೆ ಯಾರಿಗೂ ನಷ್ಟವಿಲ್ಲ. ಆದರೆ ಅವರಿಗೆ ಇದ್ದ ಸುಖವನ್ನೇ ಇಲ್ಲವೆಂದು ಸಾಧಿಸಿ, 'ಪಾಪ, ಏನೂ ಕಾಣದೆ ಹೋದರು' ಎಂದು ಶಲ್ಯದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾರಲ್ಲ, ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ದೊಡ್ಡಮ್ಮನ ವೈಕುಂಠ ಸಮಾರಾಧನೆಯ ದಿನ ತೀರ್ಥಹಳ್ಳಿಯ ವಕೀಲರ ಮನೆಯಲ್ಲಿ ನಡೆದದ್ದು ಅದೇ. ಊಟ ಮುಗಿದಿತ್ತು. ಗಂಡಸರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು, ಹೆಂಗಸರು ನಾವು ಒಳಗೆ ನಡುಮನೆಯಲ್ಲಿ. ಆ ಬೀದಿಯ ನಿವೃತ್ತ ಅಮಲ್ದಾರರು ಎದ್ದು ನಿಂತು ಮಾತು ಶುರು ಮಾಡಿದರು. "ಆ ತಾಯಿ ಮಹಾ ವಿರಾಗಿ. ಆಡುವ ವಯಸ್ಸಿನಲ್ಲೇ ಎಲ್ಲವನ್ನೂ ಕಳೆದುಕೊಂಡರು. ಈ ಮನೆಯ ಒಲೆಯ ಮುಂದೆ ಜೀವ ತೇದರು. ನಗು ಎಂದರೇನು ಎಂಬುದೇ ಅವರಿಗೆ ತಿಳಿದಿರಲಿಲ್ಲ. ಪಾಪ, ಒಂದೇ ಒಂದು ಸುಖ ಕಾಣಲಿಲ್ಲ."

ಜಗಲಿಯವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಒಳಗೆ ಇಬ್ಬರು ಮೂವರು ಹೆಂಗಸರು ಮೂಗೊರೆಸಿಕೊಂಡರು. ನಾನು ಅವತ್ತು ಬೆಳಗಿನ ಬಸ್ಸಿಗೆ ಸಾಗರದಿಂದ ಬಂದಿದ್ದೆ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಹಿತ್ತಲಿಗೆ ಹೋಗಿ ಉಗಿದು ಬಂದೆ. ನೇರವಾಗಿ ನಡುಮನೆಯ ಬಾಗಿಲಿಗೆ ಹೋಗಿ ನಿಂತು, ಜೋರಾಗಿ ಒಂದು ಸಲ ಕೆಮ್ಮಿದೆ. ಆಮೇಲೆ ನಾನು ಆಡಿದ ಮಾತಿಗೆ, ಟೀಚರಮ್ಮನಿಗೆ ತಲೆ ಕೆಟ್ಟಿದೆ ಎಂದು ಆ ಬೀದಿ ಬಹಳ ಕಾಲ ಆಡಿಕೊಂಡಿತಂತೆ. ಆಡಿಕೊಳ್ಳಲಿ. ನಾನು ಏನಂದೆ ಎಂಬುದು ತಿಳಿಯಬೇಕಾದರೆ ಮೊದಲು ದೊಡ್ಡಮ್ಮ ಯಾರೆಂದು ತಿಳಿಯಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ತೀರ್ಥಹಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಯಾರೂ ಕೊಡುತ್ತಿರಲಿಲ್ಲ. ವಕೀಲರು ಮಾತ್ರ ತಮ್ಮ ಮನೆಯ ಹೊರಗಿನ ಕೋಣೆ ಕೊಟ್ಟರು. ದೊಡ್ಡಮ್ಮ ಆ ವಕೀಲರ ಅತ್ತಿಗೆ, ತೀರಿಕೊಂಡ ಅಣ್ಣನ ಹೆಂಡತಿ. ಹೊಸನಗರದ ಕಡೆ, ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಗಂಡನ ಮುಖ ನೆನಪಿದೆಯೇ ಎಂದು ಒಮ್ಮೆ ಕೇಳಿದ್ದೆ. "ಮುಖ ನೆನಪಿಲ್ಲೆ. ಮದ್ವೆ ದಿನ ಅವಂಗೆ ನೆಗಡಿ ಆಗಿತ್ತು, ಅದು ನೆನಪಿದ್ದು" ಅಂದಿದ್ದರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಮೇಲೆ ಕೆಲವು ವರ್ಷ ತವರಿನಲ್ಲೇ ಇದ್ದರು. ತಂದೆ ತಾಯಿ ಹೋದ ನಂತರ ಈ ಮನೆಯ ಅಡಿಗೆಮನೆಗೆ ಬಂದರು. ನಾನು ನೋಡುವಾಗ ಐವತ್ತು ದಾಟಿತ್ತು. ಗಿಡ್ಡ ದೇಹ, ಗಂಡಸರಿಗಿರುವಂಥ ಭುಜ. ನಗು ಬಂದರೆ ಮೊದಲು ಆ ಭುಜಗಳು ಕುಣಿಯುತ್ತಿದ್ದವು.

ಬೆಳಗ್ಗೆ ಎದ್ದು ತಲೆ ಬೋಳಿಸಿದ ಮಡಿ ಹೆಂಗಸಿನ ಮುಖ ನೋಡಿದರೆ ಅಪಶಕುನ. ಇದು ಅಲ್ಲಿನ ಕಾನೂನು. ಯಾವ ವಕೀಲರೂ ಇದರ ವಿರುದ್ಧ ವಾದ ಮಾಡಿದ್ದನ್ನು ನಾನು ಕೇಳಿಲ್ಲ. ಬೆಳಕು ಹರಿಯುವ ಮುಂಚೆ ದೊಡ್ಡಮ್ಮ ತಾಮ್ರದ ಕೊಡ ಹಿಡಿದು ತುಂಗೆಗೆ ಹೊರಡುತ್ತಿದ್ದರು. ಹೊರಡುವಾಗ ತಾವು ಬರುತ್ತಿರುವುದನ್ನು ತಾವೇ ತಿಳಿಸಬೇಕು. ಅದಕ್ಕೆ ಗಟ್ಟಿಯಾಗಿ ಕೆಮ್ಮಬೇಕು. ಆ ಕೆಮ್ಮು ಕೇಳಿದ್ದೇ ತಡ, ಹಲ್ಲುಜ್ಜುತ್ತ ನಿಂತವರು ಗೋಡೆಯ ಕಡೆ ತಿರುಗುವರು, ಹಾಲಿನವನು ಸಂದಿಗೆ ನುಗ್ಗುವನು, ಅಮಲ್ದಾರರು ಧಡಕ್ಕನೆ ಕಿಟಕಿ ಹಾಕಿಕೊಳ್ಳುವರು. ನಾನು ಬಂದ ಮೊದಲ ವಾರ ಇದನ್ನು ನೋಡಿ ಹಲ್ಲು ಕಡಿದೆ. ಐವತ್ತು ವರ್ಷದ ಹೆಂಗಸು, ಇವರೆಲ್ಲರ ಮನೆಯ ಮದುವೆ ಮುಂಜಿಗೆ ಹಪ್ಪಳ ಒತ್ತಿ ಕೊಟ್ಟವರು, ತನ್ನ ಮುಖವನ್ನು ಇವರಿಂದ ಬಚ್ಚಿಡುವುದಕ್ಕೆ ತಾನೇ ಕೆಮ್ಮಬೇಕೆ? ಹಪ್ಪಳಕ್ಕೆ ಅಪಶಕುನವಿಲ್ಲ, ಮುಖಕ್ಕೆ ಉಂಟು!

ನಾನು ಈ ಸಿಟ್ಟನ್ನು ದೊಡ್ಡಮ್ಮನ ಮುಂದೆಯೇ ಕಕ್ಕಿದೆ. ಅವರ ಭುಜ ಕುಣಿಯಿತು.

"ಎಂತಕ್ಕೆ ಸಿಟ್ಟು ಮಾಡ್ತೆ ಕೂಸೇ? ಎನ್ನ ಒಂದು ಕೆಮ್ಮಿಗೆ ಇಡೀ ಬೀದಿ ಗೋಡೆ ಬದಿ ತಿರುಗ್ತು. ಆ ಅಮಲ್ದಾರಂಗೆ ಕೆಲಸದಲ್ಲಿ ಇದ್ದಾಗ್ಲೂ ಇಷ್ಟು ಅಧಿಕಾರ ಇತ್ತಿಲ್ಲೆ."

ಅವರು ನಕ್ಕದ್ದು ಏಕೆಂದು ನನಗೆ ತಿಳಿದದ್ದು ಒಂದು ಭಾನುವಾರ. ಬೇಗ ಎಚ್ಚರವಾಗಿತ್ತು. ಬಟ್ಟೆ ಒಗೆದು ಬರೋಣವೆಂದು ಹೊಳೆಗೆ ಹೋದೆ. ಮೆಟ್ಟಿಲ ಮೇಲೆ ಒಂದು ನರಪಿಳ್ಳೆ ಇಲ್ಲ. ಹೊಳೆಯ ನಟ್ಟನಡುವೆ, ಮಗುಚಿದ ತಂಬಿಗೆಯ ಹಾಗೆ, ಒಂದು ಬೋಳು ತಲೆ! ಯಾರೋ ಮುಳುಗುತ್ತಿದ್ದಾರೆಂದುಕೊಂಡು "ಅಯ್ಯಯ್ಯೋ, ಯಾರಾದ್ರೂ ಬನ್ನಿ!" ಎಂದು ಕೂಗಿದೆ. ತಲೆ ನನ್ನ ಕಡೆ ತಿರುಗಿತು.

"ಕೂಗಡ ಮಾರಾಯ್ತಿ! ಆನು ಸತ್ತಿದ್ನಿಲ್ಲೆ!"

ದೊಡ್ಡಮ್ಮ ಈಜುತ್ತಿದ್ದರು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಹೊಳೆಯ ನಡುವಿನ ಬಂಡೆಯವರೆಗೆ ಹೋಗಿ, ಅದನ್ನು ಒಮ್ಮೆ ತಟ್ಟಿ, ವಾಪಸ್ಸು ಬರುತ್ತಿದ್ದರು. ಸ್ನಾನ ಮುಗಿಸಲು ಬೇಕಾದದ್ದು ಮೂರು ಮುಳುಗು. ಅದಾದ ಮೇಲೆ ಬೆಳಕು ಪೂರ್ತಿ ಹರಿಯುವವರೆಗೆ ಹೊಳೆ ಅವರದ್ದು. ಹುಡುಗಿಯಾಗಿದ್ದಾಗ ಶರಾವತಿಯಲ್ಲಿ ಅವರ ಅಪ್ಪನೇ ಈಜು ಕಲಿಸಿದ್ದರಂತೆ. ಮದುವೆಯಾದ ಮೇಲೆ ಬಿಟ್ಟುಹೋದದ್ದು, ನಲವತ್ತೈದರ ನಂತರ ಒಂದು ಬೆಳಗ್ಗೆ ತುಂಗೆಯಲ್ಲಿ ಮುಳುಗಿದಾಗ ಕೈಕಾಲಿಗೆ ತಾನಾಗಿ ನೆನಪಾಯಿತಂತೆ. ಊರು ಮುಖ ತಿರುಗಿಸಿಕೊಂಡ ಹೊತ್ತಿನಲ್ಲಿ ಇವರು ಯಾರ ಅಪ್ಪಣೆಯೂ ಇಲ್ಲದೆ ಇಷ್ಟು ದೊಡ್ಡ ಹೊಳೆಯನ್ನು ಸಂಪಾದಿಸಿಕೊಂಡಿದ್ದರು.

ದಡಕ್ಕೆ ಬಂದು, ಏದುಸಿರು ಬಿಡುತ್ತ, "ಸಿಟ್ಟು ನಿನ್ನ ಪಾಲಿಗೆ ಇರ್ಲಿ ಕೂಸೇ. ಎಂಗೆ ಹೊಳೆ ಇದ್ದು" ಅಂದರು. ನಾನು ಸಿಟ್ಟನ್ನೇ ಇಟ್ಟುಕೊಂಡೆ. ಯಾರಾದರೂ ಒಬ್ಬರು ಇಟ್ಟುಕೊಳ್ಳಬೇಕಲ್ಲ.

ಅಂದಿನಿಂದ ನಾನೂ ಬೆಳಗ್ಗೆ ಅವರ ಹಿಂದೆ ಹೋಗುವುದು ಅಭ್ಯಾಸವಾಯಿತು. ಮೆಟ್ಟಿಲ ಮೇಲೆ ಕೂತು ನೋಡುವುದು. ಒಂದು ಬೇಸಿಗೆ ಪೂರ್ತಿ ದೊಡ್ಡಮ್ಮ ಹೊಸದೊಂದನ್ನು ಕಲಿಯಲು ಹಟ ಹಿಡಿದಿದ್ದರು: ಅಂಗಾತ ತೇಲುವುದು. ಮಕ್ಕಳಿಗೂ ಬರುವ ವಿದ್ಯೆ, ಇವರಿಗೆ ಬರದು. ಬೆನ್ನು ಮೇಲೆ ಮಾಡಿ ಈಜುವುದರಲ್ಲಿ ಕೈಕಾಲು ಆಡಿಸಬೇಕು, ಅದು ಬರುತ್ತಿತ್ತು. ಅಂಗಾತ ತೇಲಲು ಏನನ್ನೂ ಮಾಡದೆ ಸುಮ್ಮನಿರಬೇಕು. ಅದು ಹೇಗೆ ಬಂದೀತು? ಬದುಕಿಡೀ ಒಂದು ಗಳಿಗೆ ಸುಮ್ಮನೆ ಕೂರಲು ಬಿಟ್ಟವರಿಲ್ಲ. ಮಲಗಿದ ಕೂಡಲೇ ಸೊಂಟ ಕೆಳಗಿಳಿಯುವುದು, ಮೂಗಿಗೆ ನೀರು ನುಗ್ಗುವುದು, ಕೆಮ್ಮು. ಅದು ಬೀದಿಯ ಕೆಮ್ಮಲ್ಲ, ನಿಜವಾದ ಕೆಮ್ಮು. ನಾನು "ಸಾಕು ಬನ್ನಿ ದೊಡ್ಡಮ್ಮ, ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಅಂದರೆ ಕಣ್ಣು ಕೆಕ್ಕರಿಸಿ ನೋಡುತ್ತಿದ್ದರು.

"ಈ ವಯಸ್ಸಲ್ಲಿ ಹೇಳಿ ಎಂತಕ್ಕೆ ಹೇಳ್ತೆ? ಆ ವಯಸ್ಸಲ್ಲಿ ಬಿಟ್ಟಿದ್ವಿಲ್ಲೆ ಅಲ್ದ?"

ಒಂದು ಬೆಳಗ್ಗೆ ನಾನು ಮೆಟ್ಟಿಲಿಳಿಯುವ ಮೊದಲೇ ನೀರಿನಿಂದ ಕೂಗು ಬಂತು. "ಕೂಸೇ, ಬಂತು! ನೋಡು, ಬಂತು!" ನೋಡಿದರೆ ಕೆಂಪು ಸೀರೆ ನೀರ ಮೇಲೆ ಹರಡಿಕೊಂಡಿದೆ, ನಡುವೆ ದೊಡ್ಡಮ್ಮ ಆಕಾಶ ನೋಡುತ್ತ ಮಲಗಿದ್ದಾರೆ. ದಡಕ್ಕೆ ಬಂದವರು ಹಲ್ಲು ಕಟಕಟಿಸುತ್ತಲೇ ಕಥೆ ಹೇಳಿದರು. ಆರೇಳು ವರ್ಷದವರಿದ್ದಾಗ ಅಪ್ಪಯ್ಯ ಇವರನ್ನು ಅಂಗೈ ಮೇಲೆ ನೀರಲ್ಲಿ ಮಲಗಿಸುತ್ತಿದ್ದರಂತೆ. ಕೈ ತೆಗೆದ ಕೂಡಲೇ ಹುಡುಗಿ ಮುಳುಗುತ್ತಿದ್ದಳಂತೆ. ಅವತ್ತು ಬೆಳಗ್ಗೆ ಆ ಅಂಗೈ ನೆನಪಿಗೆ ಬಂತು. ಬೆನ್ನಿನ ಯಾವ ಜಾಗದಲ್ಲಿ ಇರುತ್ತಿತ್ತು, ಎಷ್ಟು ಒರಟಾಗಿತ್ತು, ಎಲ್ಲ.

"ಕೈ ಅಲ್ಲೇ ಇದ್ದು ಹೇಳಿ ಅಂದ್ಕೊಂಡು ಮೈ ಬಿಟ್ಟಿ. ನೀರು ಹೊತ್ತ್ಕಂಡ್ತು." ಸೆರಗು ಹಿಂಡುತ್ತ ಹೇಳಿದರು: "ಎನ್ನ ಎಳೆದು ತಂದು ಹಜಾಮನ ಎದುರು ಕೂರ್ಸಿದ್ದೂ ಅದೇ ಕೈಯೇಯ."

ನಾನು ರೇಗಿದೆ. "ಅಂಥವರ ಕೈ ನೆನೆಸ್ಕೊಂಡು ಸಂತೋಷಪಡ್ತೀರಲ್ಲ ದೊಡ್ಡಮ್ಮ, ನಿಮಗೆ ಸಿಟ್ಟೇ ಬರಲ್ವಾ?"

"ಬತ್ತು. ಸಿಟ್ಟು ಬೇರೆ, ಅಂಗೈ ಬೇರೆ. ಒಂದಕ್ಕೆ ಹೇಳಿ ಇನ್ನೊಂದನ್ನ ಎಂತಕ್ಕೆ ಬಿಟ್ಟುಕೊಡವು?"

ಹೀಗೆ ಒಂದೊಂದು ಮಾತು ಹೇಳಿ ಎದ್ದು ಹೋಗಿಬಿಡುವರು. ಅದನ್ನು ಅರಗಿಸಿಕೊಳ್ಳಲು ನನಗೆ ವಾರ ಬೇಕಾಗುತ್ತಿತ್ತು. ಇನ್ನೊಮ್ಮೆ ನನ್ನನ್ನು ಕೊಂಪೆಯಂಥ ಊರಿಗೆ ವರ್ಗ ಮಾಡುತ್ತಾರೆಂಬ ಸುದ್ದಿ ಹಬ್ಬಿತ್ತು. ಊಟಕ್ಕೆ ಕೂತವಳು ಅನ್ನ ಕಲಸುತ್ತ, ಇಲಾಖೆಯ ಸಾಹೇಬರಿಗೆ ಹಿಡಿಶಾಪ ಹಾಕುತ್ತ ಇದ್ದೆ. ಅವತ್ತು ಮೊದಲ ಮಾವಿನ ಮಿಡಿಯ ತಂಬುಳಿ. ದೊಡ್ಡಮ್ಮ ಸೌಟು ಹಿಡಿದೇ ನಿಂತು ಕೇಳಿದರು.

"ತಂಬ್ಳಿ ಹೇಂಗಾಜು?"

"ಆಂ? ಹಾಕೊಂಡ್ನಾ?"

"ಮುಗೀತು ನಿಂದು! ಉಣ್ಣಕಾರೆ ಉಣ್ಣು ಕೂಸೇ. ನಿನ್ನ ಸಾಹೇಬ ಎಂತ ಎಲೆ ಮೇಲೆ ಬಂದು ಕೂತಿದ್ನ?"

ಅವರು ಅಕ್ಕಿ ಆರಿಸಿದರೆ ಅಕ್ಕಿ ಆರಿಸುತ್ತಿದ್ದರು, ಅಷ್ಟೆ. ನಾಳೆಯ ಯೋಚನೆಯನ್ನು ಅದರಲ್ಲಿ ಬೆರೆಸುತ್ತಿರಲಿಲ್ಲ. ಮಳೆಗಾಲದಲ್ಲಿ ಆರಿದ್ರೆ ಮಳೆ ಹಿಡಿದು ತುಂಗೆ ಕೆಂಪಾಗಿ ಉಕ್ಕಿದರೆ ನೀರಿಗಿಳಿಯುವಂತಿಲ್ಲ. ಆಗ ಮೇಲಿನ ಮೆಟ್ಟಿಲಲ್ಲಿ ನಿಂತು, ತಂಬಿಗೆಯಲ್ಲಿ ಮೀಯುತ್ತ, "ಮೆರಿ ಮೆರಿ, ನಿನ್ನ ಸೊಕ್ಕು ಎಷ್ಟು ದಿನ ನೋಡ್ತಿ" ಎಂದು ಹೊಳೆಯ ಜೊತೆ ಜಗಳ ಆಡುತ್ತಿದ್ದರು. ನಗು ಎಂದರೇನೆಂದು ತಿಳಿಯದವರು ಇವರು, ಕೇಳಿ!

ಇಂಥ ಸುಖ ಬಹಳ ಕಾಲ ಗುಟ್ಟಾಗಿ ಉಳಿಯುವುದಿಲ್ಲ. ಮೊದಲು ಅದನ್ನು ಕಾಳಜಿಯ ಹೆಸರಲ್ಲಿ ಕಸಿಯಲು ಬಂದರು. ವಕೀಲರಿಗೆ ಎಲ್ಲಿಂದಲೋ ಸುಳಿವು ಸಿಕ್ಕಿತ್ತು. "ಅತ್ತಿಗೆ, ಚಳಿಗೆ ಹೊಳೆಗೆ ಹೋಪದು ಬ್ಯಾಡ. ಮಂಡಿ ನೋವು ಬತ್ತು. ಬಚ್ಚಲಲ್ಲಿ ಬಿಸಿನೀರು ಇದ್ದು" ಅಂದರು. ದೊಡ್ಡಮ್ಮ ಬಹಳ ವಿನಯದಿಂದ, "ಬಚ್ಚಲ ಹಂಡೆಗೆ ಮೀಯದೇ ಇದ್ದವ್ರೆಲ್ಲ ನೀರು ತುಂಬ್ತೊ ತಮ್ಮಾ. ಆ ನೀರಲ್ಲಿ ಮಿಂದ್ರೆ ಮಡಿ ಆಗ್ತಿಲ್ಲೆ. ದೇವರ ನೈವೇದ್ಯ ಆನೇ ಮಾಡದಲ್ದ?" ಅಂದರು. ವಕೀಲರೇ ಹೊಸೆದ ಹಗ್ಗ, ಅವರ ಕಾಲಿಗೇ ಸುತ್ತಿಕೊಂಡಿತು.

ಆಮೇಲೆ ಬಂದದ್ದು ದೂರು. ತಂದವರು ಅಮಲ್ದಾರರು. ಒಂದು ಸಂಜೆ ಪುರೋಹಿತ ಭಟ್ಟರನ್ನೂ ಬೀದಿಯ ಇನ್ನೂ ಕೆಲವು ಹಿರಿಯರನ್ನೂ ಕರೆದುಕೊಂಡು ವಕೀಲರ ಜಗಲಿಗೆ ಬಂದು ಕೂತರು. ವಿಧವೆಯಾದವಳು ಗಂಡಸಿನಂತೆ ಕಚ್ಚೆ ಹಾಕಿ ಹೊಳೆಯಲ್ಲಿ ಈಜುವುದು ಯಾವ ಶಾಸ್ತ್ರದಲ್ಲಿದೆ? ಬೀದಿಯ ಹೆಣ್ಣುಮಕ್ಕಳು ಕೆಡುವುದಿಲ್ಲವೇ? ಇಂದಿನಿಂದ ಅವರ ಸ್ನಾನ ಮನೆಯ ಬಚ್ಚಲಲ್ಲೇ ಆಗಬೇಕು, ಮಡಿ ಪ್ರಶ್ನೆಗೆ ಭಟ್ಟರು ಪರಿಹಾರ ಹೇಳುತ್ತಾರೆ, ವಕೀಲರು ಎಲ್ಲರೆದುರು ಒಪ್ಪಿಗೆ ಕೊಡಬೇಕು. ಎಲ್ಲವನ್ನೂ ಕಚೇರಿಯ ಹುಕುಂ ಓದಿದ ಹಾಗೆ ಹೇಳಿದರು.

ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಆ ಹೊಳೆಯೊಂದು ಹೋದರೆ ದೊಡ್ಡಮ್ಮನಿಗೆ ಉಳಿಯುವುದು ಒಲೆ ಮಾತ್ರ. ಇವರಿಗೆ ಆ ಹೊಳೆಯಿಂದ ಏನು ಕಡಿಮೆಯಾಗಿತ್ತು? ಒಂದು ಕೊಡ ನೀರೂ ಕಡಿಮೆಯಾಗಿರಲಿಲ್ಲ. ಆದರೂ ಒಬ್ಬ ಹೆಂಗಸು ತಮಗೆ ಗೊತ್ತಿಲ್ಲದ ಕಡೆ ಸಂತೋಷವಾಗಿದ್ದಾಳೆ ಎಂಬುದೇ ಇವರ ಕಣ್ಣಿಗೆ ಚುಚ್ಚುತ್ತಿತ್ತು.

ವಕೀಲರು "ಹಾಗೇ ಆಗಲಿ" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ನಡುಮನೆಯ ಬಾಗಿಲ ಹಿಂದಿನಿಂದ ಕೆಮ್ಮು ಕೇಳಿತು.

ಜಗಲಿಯಲ್ಲಿದ್ದವರೆಲ್ಲ, ಸಂಜೆ ಎಂಬುದನ್ನೂ ಮರೆತು, ಗೋಡೆಯ ಕಡೆ ತಿರುಗಿಬಿಟ್ಟರು. ಬಾಗಿಲ ಮರೆಯಿಂದಲೇ ದೊಡ್ಡಮ್ಮ ಮಾತಾಡಿದರು.

"ತಮ್ಮಾ, ಒಂದು ಕೇಳಕ್ಕಿತ್ತು. ನಿನ್ನ ಕಕ್ಷಿಗಾರರಿಗೆ ನೀನು ದಿನಾ ಹೇಳದು ಅಡಿಗೆಮನೆಗೂ ಕೇಳ್ತು. ಜನ ಹೇಳಿದ್ದು ಸಾಕ್ಷಿ ಆಗ್ತಿಲ್ಲೆ, ಕಂಡವ್ನೇ ಬಂದು ಹೇಳವು ಹೇಳಿ. ಹೌದಲ್ದ?"

ವಕೀಲರು "ಹೌದು" ಎಂದರು.

"ಹಾಂಗಾರೆ ಆನು ಈಜಿದ್ದನ್ನ ಕಂಡವ್ರು ಯಾರು?"

ಅಮಲ್ದಾರರು "ಊರೆಲ್ಲ ಆಡಿಕೊಳ್ಳುತ್ತಿದೆ" ಅಂದರು. ವಕೀಲರ ಬಾಯಿಂದ ತಾನಾಗಿಯೇ "ಅದು ಸಾಕ್ಷಿ ಆಗಲ್ಲ" ಎಂದು ಬಂದುಬಿಟ್ಟಿತು. ಕಸುಬು ಎಂಥವರನ್ನೂ ಬಿಡುವುದಿಲ್ಲ ನೋಡಿ. ಅಮಲ್ದಾರರಿಗೆ ರೇಗಿತು.

"ಸಾಕ್ಷಿ ಬೇಕೇನ್ರಿ? ನಾನೇ ಕಂಡಿದ್ದೇನೆ! ಕಣ್ಣಾರೆ ಕಂಡಿದ್ದೇನೆ!"

ಭಟ್ಟರು ಗೋಡೆಯಿಂದ ಇತ್ತ ತಿರುಗಿದರು. "ನೀವು ಕಂಡ್ರಾ ಅಮಲ್ದಾರ್ರೇ? ಬೆಳಗಿನ ಹೊತ್ತಲ್ಲಿ? ಮಡಿ ಹೆಂಗಸು ಮೀಯೋದನ್ನ?"

"ಅಂದರೆ... ಮುಖ ಅಲ್ಲ... ದೂರದಿಂದ..."

"ಮುಖ ಕಾಣದಿದ್ರೆ ಇವರೇ ಅಂತ ಹೆಂಗೆ ಗೊತ್ತಾತು? ಮುಖ ಕಂಡಿದ್ರೆ ಆವತ್ತು ಪ್ರಾಯಶ್ಚಿತ್ತ ಮಾಡ್ಕಂಡ್ರಾ? ಹಂಗೇ ಬಂದು ದೇವಸ್ಥಾನದ ಗಂಟೆ ಹೊಡೆದ್ರಾ?"

ಭಟ್ಟರು ದೊಡ್ಡಮ್ಮನ ಪರವಾಗಿ ಕೇಳಿದವರಲ್ಲ. ಪಾಪ, ಅವರಿಗೆ ನಿಜವಾಗಿಯೂ ದೇವಸ್ಥಾನದ ಮೈಲಿಗೆಯ ಚಿಂತೆ ಹತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ಅಮಲ್ದಾರರು ಶಲ್ಯವನ್ನು ನಾಲ್ಕು ಸಲ ಸರಿಮಾಡಿಕೊಂಡರು. ಕಿಟಕಿ ಹಾಕಿಕೊಂಡವರು ಹಿಂಬಾಗಿಲಿಂದ ಹೊಳೆಗೆ ಹೋಗಿ ಪೊದೆಯ ಮರೆಯಲ್ಲಿ ನಿಲ್ಲುತ್ತಿದ್ದರೆಂದು ಈಗ ಇಡೀ ಬೀದಿಗೆ ತಿಳಿದಂತಾಯಿತು. ಹೇಳೋದು ಶಾಸ್ತ್ರ, ಹಾಕೋದು ಗಾಳ! ಕೊನೆಗೆ ಅವರು, "ಇಲ್ಲ, ನಾನು ಕಂಡಿಲ್ಲ. ಯಾರೋ ಹೇಳಿದ್ದು" ಅಂದರು. ವಕೀಲರು ನೆಲ ನೋಡುತ್ತ, "ಸಾಕ್ಷಿ ಇಲ್ಲದ ಮೇಲೆ ಮಾತು ಮುಂದುವರಿಸೋದು ಬೇಡ" ಎಂದು ಎದ್ದರು. ಅವರ ಮೀಸೆಯ ಅಡಿ ನಗು ಇದ್ದದ್ದನ್ನು ನಾನು ಕಂಡೆ.

ಮರುದಿನ ಬೆಳಗ್ಗೆ ದೊಡ್ಡಮ್ಮ ಎಂದಿಗಿಂತ ಜೋರಾಗಿ ಕೆಮ್ಮುತ್ತ ಹೊಳೆಗೆ ಹೋದರು. ನನ್ನನ್ನೂ ನೀರಿಗೆಳೆದರು. ನಾನು ಸಾಗರದ ಪೇಟೆಯಲ್ಲಿ ಬೆಳೆದವಳು, ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ. "ನಿಮ್ಮನ್ನ ಮುಟ್ಟಿದ್ರೆ ನಿಮ್ಮ ಮಡಿ?" ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಹರಿಯೋ ನೀರಿಗೆ ಮೈಲಿಗೆ ಇಲ್ಲೆ. ಮಲ್ಗು" ಅಂದರು. ಬೆನ್ನ ಕೆಳಗೆ ಅವರ ಅಂಗೈ ಬಂತು. ರುಬ್ಬಿ, ಒರೆಸಿ, ಒರಟಾದ ಅಂಗೈ. "ಮೈ ಬಿಡು. ಅತ್ಲಾಗೆ ಇತ್ಲಾಗೆ ನೋಡಡ. ನೀನು ಇಲ್ಲಿದ್ದೆ, ಇಲ್ಲೇ ಇರು." ನನ್ನ ಕಿವಿಗೆ ನೀರು ತುಂಬಿತು, ಊರಿನ ಸದ್ದೆಲ್ಲ ನಿಂತಿತು. ಮೇಲೆ ಆಕಾಶ ಆಗಷ್ಟೇ ಬೆಳ್ಳಗಾಗುತ್ತಿತ್ತು. ಅಂಗೈ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಒಂದಿಷ್ಟು ಹೊತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಆ ಖುಷಿ ಎಂಥದೆಂದು ಮೈಗೆ ಗೊತ್ತಾದದ್ದು ಅವತ್ತೇ.

ಅದಾದ ಮೇಲೆ ಶರಾವತಿಗೆ ಕಟ್ಟೆ ಕಟ್ಟಿ ಮುಗಿಸಿದರು. ಮಳೆಗಾಲದಲ್ಲಿ ನೀರು ನಿಂತಿತು. ಸಾಗರ, ಹೊಸನಗರದ ಹಳ್ಳಿ ಹಳ್ಳಿಗಳೇ ಮುಳುಗಡೆಯಾದವು. ದೊಡ್ಡಮ್ಮನ ತವರೂ ಹೋಯಿತು. ಅವರ ಅಣ್ಣನ ಮಗ ಮನೆಯ ಹೆಂಚು, ತೊಲೆ ಬಿಚ್ಚಿಕೊಂಡು ಆನಂದಪುರದ ಕಡೆ ಗುಡಿಸಲು ಹಾಕಿದ್ದ. ನಾಡಿಗೆಲ್ಲ ದೀಪ ಬರುತ್ತದೆ ಎಂದು ಭಾಷಣ ಮಾಡಿದವರು, ಆ ಗುಡಿಸಲಿಗೆ ಒಂದು ದೀಪ ಕೊಡುವುದನ್ನು ಮರೆತಿದ್ದರು. ತವರಿನ ದೇವರನ್ನು ಹೊಸ ಜಾಗದಲ್ಲಿ ಕೂರಿಸುವ ಪೂಜೆಗೆ ಹೇಳಿಕೆ ಬಂತು. ದೇವರ ಕೆಲಸವೆಂದು ವಕೀಲರು ದೊಡ್ಡಮ್ಮನನ್ನು ಕಳಿಸಲು ಒಪ್ಪಿದರು. ಜೊತೆಗೆ ನಾನು.

ಬಸ್ಸಿನಲ್ಲಿ ಮಡಿ ಹೆಂಗಸಿನ ಪಕ್ಕ ಕೂರಲು ಯಾರೂ ಒಪ್ಪದೆ ಎದ್ದೆದ್ದು ಹೋದರು. ನಾನು ಕೆಂಡವಾದೆ. ದೊಡ್ಡಮ್ಮ ಖಾಲಿ ಸೀಟಿನ ಮೇಲೆ ಕಾಲು ಚಾಚಿ, "ನಿನ್ನ ಸಾಹೇಬಂಗೂ ಇಷ್ಟು ಜಾಗ ಸಿಕ್ತಿಲ್ಲೆ" ಎಂದು ಆರಾಮವಾಗಿ ಕೂತರು. ಪೂಜೆ ಮುಗಿಸಿ ಹಿಂದಿರುಗುವಾಗ ದೊಡ್ಡಮ್ಮ ಹೊಸನಗರದಲ್ಲಿ ತೀರ್ಥಹಳ್ಳಿಯ ಬಸ್ಸು ಹತ್ತಲಿಲ್ಲ. ಬೇರೊಂದು ಬಸ್ಸು ತೋರಿಸಿ, "ಇದ್ರಲ್ಲಿ ಹೋಗನ" ಅಂದರು. ಆ ಬಸ್ಸು ಒಂದು ಕಡೆ ನಿಂತು, ತಿರುಗಿಸಿಕೊಳ್ಳತೊಡಗಿತು.

"ಇಳೀರಿ ಅಮ್ಮಾ, ಮುಂದೆ ರಸ್ತೆ ಇಲ್ಲ. ನೀರೇಯ" ಅಂದ ಕಂಡಕ್ಟರ್.

ಟಾರು ರಸ್ತೆ ನೇರವಾಗಿ ಹೋಗಿ ನೀರಿಗಿಳಿದಿತ್ತು. ಅದರಾಚೆ ಕಣ್ಣು ಹಾಯಿಸಿದಷ್ಟೂ ನೀರು, ಅಲ್ಲಲ್ಲಿ ಮುಳುಗುತ್ತಿರುವ ಮರಗಳ ತಲೆ. ದೊಡ್ಡಮ್ಮ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಹುಡುಕಿದರು. ಅಳುತ್ತಾರೆಂದು ನಾನು ಕಾದೆ. ಅವರು ಅಳಲಿಲ್ಲ. "ಅದೋ, ಎಂಗೊಳ ಅಪ್ಪೆಮರ!" ಎಂದು ಬೆರಳು ತೋರಿಸಿದರು. ಉಪ್ಪಿನಕಾಯಿ ಮಿಡಿಯ ಮಾವಿನ ಮರ. ಅವರ ಅಂಗಳದ ಮೂಲೆಯಲ್ಲಿದ್ದದ್ದು, ಮದುವೆಗೆ ಮುಂಚೆ ಅವರು ಹತ್ತಿ ಮಿಡಿ ಕೊಯ್ಯುತ್ತಿದ್ದದ್ದು. ನೆತ್ತಿ ಮಾತ್ರ ನೀರಿನ ಮೇಲಿತ್ತು.

ನಾನು ಬೇಡ ಬೇಡ ಅನ್ನುತ್ತಿದ್ದಂತೆಯೇ ಕಚ್ಚೆ ಬಿಗಿದರು. ತಾವು ಹುಡುಗಿಯಾಗಿ ನಡೆದಾಡಿದ ರಸ್ತೆಯಲ್ಲೇ ನಡೆಯುತ್ತ ನೀರಿಗಿಳಿದರು. ನೀರು ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು, ಆಮೇಲೆ ಈಜಿದರು. ಮರದ ನೆತ್ತಿ ಹಿಡಿದು ಸುಧಾರಿಸಿಕೊಂಡು, ಅದರಾಚೆ ಹೋಗಿ, ಅಂಗಾತ ತಿರುಗಿ ಮಲಗಿಬಿಟ್ಟರು. ನಾನು ದಡದಲ್ಲಿ ಉಗುರು ಕಚ್ಚುತ್ತ ನಿಂತೆ. ಕೂಗಿದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ. ಕೆಂಪು ಸೀರೆ ಅಲ್ಲೇ ಇತ್ತು, ಅಲುಗಲಿಲ್ಲ.

ಬಂದಾಗ ಹಲ್ಲಿನಲ್ಲಿ ಒಂದು ಮಾವಿನ ಚಿಗುರು ಕಚ್ಚಿಕೊಂಡಿದ್ದರು. ಮುರಿದು ನನ್ನ ಮೂಗಿಗೆ ಹಿಡಿದರು. ಸೊನೆಯ ವಾಸನೆ ಗಮ್ಮೆಂದಿತು. ನಡುಗುತ್ತ, ನಗುತ್ತ ಹೇಳಿದರು:

"ಹಿತ್ತಲ ಬಾವಿಕಟ್ಟೆ ಹತ್ರ ಕೂರ್ಸಿ ಎನ್ನ ತಲೆ ಬೋಳ್ಸಿದ್ದು. ಆಮೇಲೆ ಆ ಮನೇಲಿ ಎಂಗೆ ಮುಂಬಾಗ್ಲಿಗೆ ಬಪ್ಪಂಗೆ ಇತ್ತಿಲ್ಲೆ. ಜಗಲಿಗೆ ಇಲ್ಲೆ, ಅಂಗಳಕ್ಕೆ ಇಲ್ಲೆ. ಈಗ ನೋಡು ಕೂಸೇ, ಬಾವಿಕಟ್ಟೆ, ಜಗಲಿ, ಅಂಗಳ, ಎಲ್ಲದ್ರ ಮೇಲೂ ಅಂಗಾತ ಮಲ್ಗಿ ಬಂದಿ. ಬ್ಯಾಡ ಹೇಳವ್ರು ಒಬ್ಬರೂ ಇಲ್ಲೆ."

"ಅಪ್ಪಯ್ಯನ ಅಂಗೈ ಸಿಕ್ತಾ ದೊಡ್ಡಮ್ಮಾ?" ಎಂದು ಕೇಳಿದೆ.

"ಸಿಕ್ತು. ಮೊದಲು ಬೈದಿ, ಹೊಟ್ಟೆ ತುಂಬ ಬೈದಿ. ಆಮೇಲೆ ಅದ್ರ ಮೇಲೇ ಮಲ್ಗಿದಿ. ಇಷ್ಟು ಸಂತೋಷ ಎಂಗೆ ಹುಟ್ಟಿದಾಗಿಂದ ಆಗಿತ್ತಿಲ್ಲೆ."

ನನಗೆ ಮುಂದಿನ ವರ್ಷ ಸಾಗರಕ್ಕೆ ವರ್ಗವಾಯಿತು. ಈ ಮುದುಕಿ ನೀರಿಗೆ ಹೋಗಿಯೇ ಸಾಯುತ್ತಾಳೆ ಎಂದು ಬೀದಿಯವರು ಭವಿಷ್ಯ ಹೇಳುತ್ತಿದ್ದರು. ಅದನ್ನೂ ದೊಡ್ಡಮ್ಮ ಸುಳ್ಳು ಮಾಡಿದರು. ಜ್ವರ ಬರುವ ಹಿಂದಿನ ದಿನದವರೆಗೂ ಈಜಿ, ಎರಡೇ ದಿನದಲ್ಲಿ ಹಾಸಿಗೆಯ ಮೇಲೆ ಹೋದರಂತೆ. ಅಂಗಾತ ಮಲಗಿದ್ದರು ಎಂದು ವಕೀಲರ ಹೆಂಡತಿ ಹೇಳಿದರು.

ಇಂಥವರ ಸಮಾರಾಧನೆಯಲ್ಲಿ, ಪೊದೆಯ ಮರೆಯ ಆ ಅಮಲ್ದಾರರು ನಿಂತು, ಒಂದೇ ಒಂದು ಸುಖ ಕಾಣಲಿಲ್ಲ ಎಂದರೆ ನಾನು ಸುಮ್ಮನಿರಬೇಕಿತ್ತೆ? ದೊಡ್ಡಮ್ಮ ನಿಂತಿದ್ದ ಅದೇ ಬಾಗಿಲಲ್ಲಿ ನಿಂತು ಕೆಮ್ಮಿದೆ. ಅವರು ಮರೆಯಲ್ಲಿ ನಿಂತಿದ್ದರು. ನಾನು ಹೊಸಿಲು ದಾಟಿ ಎಲ್ಲರಿಗೂ ಕಾಣುವಂತೆ ನಿಂತೆ.

"ಅಮಲ್ದಾರರೇ, ಸುಖ ಕಾಣಲಿಲ್ಲ ಅಂದ್ರಲ್ಲ, ಕಾಣಲಿಲ್ಲ ಅನ್ನೋದನ್ನ ಕಂಡವರು ಯಾರು? ಈ ಬೀದಿಯಲ್ಲಿ ಒಬ್ಬರಾದ್ರೂ ಅವರ ಮುಖ ನೋಡಿದ್ದೀರಾ? ಅವರು ನಗ್ತಾ ಹೊಳೆಗೆ ಹೋದ್ರು, ನಗ್ತಾ ವಾಪಸ್ಸು ಬಂದ್ರು. ದಿನಾ. ನಿಮ್ಮ ಮನೆ ಮುಂದೇನೇ. ನೀವೆಲ್ಲ ಗೋಡೆ ನೋಡ್ತಿದ್ರಿ."

ವಕೀಲರು ತಲೆ ಎತ್ತಿ ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು. ಅಮಲ್ದಾರರು ಏನೋ ಹೇಳಲು ಬಾಯಿ ತೆರೆದರು, ಶಲ್ಯ ಸರಿಮಾಡಿಕೊಂಡರು. ಆಮೇಲೆ ನಿಧಾನವಾಗಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.